ಗೋಡೆಯ ಕಿವಿ

ಗೋಡೆಗೂ ಕಿವಿಯುಂಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮೆಲ್ಲಗೆ ಮಾತನಾಡಿರಿ ಎಂಬ ಎಚ್ಚರಿಕೆಯಷ್ಟೇ ಅದು ಎಂದು ತಿಳಿದವರೇ ಹೆಚ್ಚು. ಗೋಡೆಗೆ ಕಿವಿ ಎಲ್ಲಿಂದ ಬರಬೇಕು? ಆದರೆ ವಾಚಕರೆ, ಈಗಿನ ಕಾಲದ ಗೋಡೆಗಳಿಗೆ ನಿಜವಾಗಿಯೂ ಕಿವಿಯುಂಟು. ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ, ಮಂಚದ ತಲೆದೆಸೆಗೆ, ಬಿಳಿಯ ಪ್ಲಾಸ್ಟಿಕ್ ಮುಚ್ಚಳವನ್ನು ಹೊದ್ದು ಅದು ಕುಳಿತಿರುತ್ತದೆ. ನಾವು ಅದಕ್ಕೆ ಪ್ಲಗ್ ಪಾಯಿಂಟ್ ಎಂದು ಹೆಸರಿಟ್ಟಿದ್ದೇವೆ. ಫೋನಿಗೆ ವಿದ್ಯುತ್ತು ತುಂಬುವುದಕ್ಕೂ ದೀಪ ಹಚ್ಚುವುದಕ್ಕೂ ಅದು ಇದೆಯೆಂದು ನಂಬಿದ್ದೇವೆ. ಅದು ಬಿಡುವಿನ ವೇಳೆಯಲ್ಲಿ ಇನ್ನೊಂದು ಉದ್ಯೋಗವನ್ನೂ ಮಾಡುತ್ತದೆ ಎಂಬುದು ನಡುರಾತ್ರಿಯ ಮೌನದಲ್ಲಿ ಮಾತ್ರ ತಿಳಿಯುತ್ತದೆ.

ವಠಾರದಲ್ಲಿ ಬೆಳೆದ ನನ್ನಂಥವನಿಗೆ ನೆರೆಮನೆಯ ಸದ್ದು ಹೊಸದೇನೂ ಅಲ್ಲ. ಒಂದೇ ಅಂಗಳಕ್ಕೆ ಎಂಟು ಮನೆಗಳ ಬಾಗಿಲು ತೆರೆದುಕೊಳ್ಳುತ್ತಿದ್ದ ವಠಾರ ನಮ್ಮದು. ಒಂದು ಮನೆಯಲ್ಲಿ ಒಗ್ಗರಣೆ ಚಟಗುಟ್ಟಿದರೆ ಎಂಟು ಮನೆಯವರಿಗೂ ಅಂದಿನ ಸಾರು ಯಾವುದೆಂದು ತಿಳಿಯುತ್ತಿತ್ತು. ಮೂರನೆಯ ಮನೆಯ ಮಗು ಮಗ್ಗಿ ತಪ್ಪಿದರೆ ಆರನೆಯ ಮನೆಯಿಂದ ಸರಿಯುತ್ತರ ಬರುತ್ತಿತ್ತು. ಎಲ್ಲರಿಗೂ ಎಲ್ಲವೂ ಕೇಳುತ್ತದೆಂಬ ಸಂಗತಿ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆದುದರಿಂದ ಗುಟ್ಟಿನ ಮಾತಿದ್ದವರು ದೇವಸ್ಥಾನದ ಪ್ರಾಕಾರಕ್ಕೋ ಬಾವಿಕಟ್ಟೆಯ ಕಡೆಗೋ ಹೋಗಿ ಮಾತನಾಡಿ ಬರುತ್ತಿದ್ದರು.

ಈಗಿನ ಫ್ಲ್ಯಾಟುಗಳ ಸಂಗತಿ ಬೇರೆ. ಬಾಗಿಲು ಮುಚ್ಚಿ, ಚಿಲಕ ಹಾಕಿ, ಪರದೆ ಎಳೆದ ಮೇಲೆ ತಮ್ಮ ಮಾತು ತಮಗೆ ಮಾತ್ರ ಎಂಬ ನಂಬಿಕೆಯಿಂದ ಜನ ಬಾಯಿ ತೆರೆಯುತ್ತಾರೆ. ಎದುರುಮನೆಯವರ ಹೆಸರು ತಿಳಿಯದೆ ವರ್ಷ ಕಳೆಯುವ ಈ ಕಟ್ಟಡಗಳಲ್ಲಿ ಆ ನಂಬಿಕೆಯೊಂದೇ ಮನೆಯನ್ನು ಮನೆಯಾಗಿಸುತ್ತದೆ. ಅದು ಸುಳ್ಳಾದರೆ ಕೇಳಿಸಿಕೊಂಡವನಿಗೂ ಸಂಕಟ, ಆಡಿದವನಿಗೂ ಸಂಕಟ.

ನಾವಿರುವುದು ಬೆಂಗಳೂರಿನ ದಕ್ಷಿಣ ಭಾಗದ ಒಂದು ಸಾಧಾರಣ ಕಟ್ಟಡದ ಎರಡನೆಯ ಮಹಡಿಯಲ್ಲಿ. ನಮಗೂ ಪಕ್ಕದ ಮನೆಯ ರಾಯರಿಗೂ ನಡುವೆ ಒಂದೇ ಗೋಡೆ. ರಾಯರಿಗೆ ಎಪ್ಪತ್ತೆಂಟು, ಅವರ ಪತ್ನಿಗೆ ಅವರಿಗಿಂತ ನಾಲ್ಕೈದು ವರ್ಷ ಕಡಿಮೆ. ಒಬ್ಬನೇ ಮಗ ದೂರದೇಶದಲ್ಲಿದ್ದಾನೆ. ಬೆಳಗ್ಗೆ ಹಾಲಿನ ಪ್ಯಾಕೆಟ್ಟು ತೆಗೆದುಕೊಳ್ಳುವಾಗ ನಾಲ್ಕು ಮಾತು, ಗೌರಿ ಹಬ್ಬಕ್ಕೆ ಬಾಗಿನ, ಸಂಕ್ರಾಂತಿಗೆ ಎಳ್ಳು: ಹೀಗೆ ಹಿತವಾದ, ಮಿತವಾದ ನೆರೆತನ ನಮ್ಮದು.

ಕಳೆದ ವರ್ಷದ ಒಂದು ರಾತ್ರಿ ಹನ್ನೊಂದು ಗಂಟೆಯ ಸಮಯ. ರಸ್ತೆಯ ಸದ್ದು ಅಡಗಿತ್ತು. ನಾನು ಓದುತ್ತಿದ್ದ ಪುಸ್ತಕವನ್ನು ಮಡಿಸಿ ದೀಪವಾರಿಸಿದೆ. ಆಗ ದಿಂಬಿನ ಪಕ್ಕದಿಂದಲೇ ಎಂಬಂತೆ ಒಂದು ಹೆಂಗಸಿನ ದನಿ ಕೇಳಿಸಿತು.

"ಮಗನಿಗೆ ಹೇಳಿಬಿಡೋಣ. ನನ್ನ ಕೈಲಿ ಇನ್ನು ಮುಚ್ಚಿಡೋಕಾಗಲ್ಲ."

ಗಂಡಸಿನ ದನಿ ನಿಧಾನವಾಗಿ ಹೇಳಿತು: "ಮಂಗಳವಾರ ಡಾಕ್ಟರು ಏನಂತಾರೋ ನೋಡೋಣ. ಸೊಸೆಗೆ ದಿನ ತುಂಬಿದೆ. ಈಗ ಹೇಳಿದರೆ ಅವನು ಅಲ್ಲಿರಲಾರ, ಇಲ್ಲಿಗೆ ಬರಲಾರ."

ಆಮೇಲೆ ಮಾತಿಲ್ಲ. ಸ್ವಲ್ಪ ಹೊತ್ತು ಬಿಕ್ಕುವ ಸದ್ದು ಮಾತ್ರ ಬಂದಿತು. ನನ್ನಾಕೆ ಎದ್ದು ಕುಳಿತಿದ್ದಳು. ಕತ್ತಲಲ್ಲಿ ಇಬ್ಬರೂ ಏನನ್ನೂ ಆಡಲಿಲ್ಲ. ಆಡಿದರೆ ಅದು ಆ ಕಡೆಗೆ ಕೇಳಿಸುವುದಿಲ್ಲವೆಂದು ಯಾರು ಹೇಳಬೇಕು?

ಮರುದಿನ ಬೆಳಗ್ಗೆ ಬಾಗಿಲ ಬಳಿ ಆ ತಾಯಿ ಎಂದಿನಂತೆ ನಕ್ಕರು. "ಎಲ್ಲ ಕ್ಷೇಮವೇ ಅಕ್ಕಾ?" ಎಂದು ನನ್ನಾಕೆ ಕೇಳಿದಳು. "ದೇವರ ದಯೆ, ಎಲ್ಲ ಚೆನ್ನಾಗಿದೆಯಮ್ಮ" ಎಂದರು. ಒಳಗೆ ಬಂದ ನನ್ನಾಕೆಗೆ ಆ ದಿನ ಕಾಫಿ ಸೇರಲಿಲ್ಲ. "ಅವರು ಹೇಳದೇ ಇರುವುದನ್ನು ನಾವು ತಿಳಿದುಕೊಂಡು ಕೂತಿದ್ದೇವೆ. ಗೊತ್ತಿದೆ ಅಂತ ಹೇಳಿದರೆ ಅವರಿಗೆ ನಾಚಿಕೆ; ಹೇಳದಿದ್ದರೆ ದಿನಾ ರಾತ್ರಿ ಕದ್ದು ಕೇಳಿದ ಹಾಗೆ. ಏನು ಮಾಡೋಣ ಹೇಳಿ" ಎಂದಳು. ಅಂದು ರಾತ್ರಿಯಿಂದ ಮಂಚ ಎದುರುಗೋಡೆಗೆ ಸರಿಯಿತು. ದನಿ ಕುಗ್ಗಿತು, ನಿಲ್ಲಲಿಲ್ಲ.

ಸದ್ದು ಬರುವುದು ಎಲ್ಲಿಂದ ಎಂದು ಪತ್ತೆಹಚ್ಚಿದವಳು ನಮ್ಮ ಮೊಮ್ಮಗಳು. ಎರಡನೆಯ ಪಿ.ಯು.ಸಿ.ಯ ವಿಜ್ಞಾನದ ವಿದ್ಯಾರ್ಥಿನಿ. ಏನು ಕೇಳಿಸಿತೆಂದು ನಾವು ಅವಳಿಗೆ ಹೇಳಲಿಲ್ಲ. ಪಕ್ಕದ ಮನೆಯ ಸದ್ದು ಬರುತ್ತದೆ ಎಂದಷ್ಟೇ ಹೇಳಿದೆವು. ಅವಳು ಫ್ಯಾನು ನಿಲ್ಲಿಸಿ, ಕಿಟಕಿಗಳನ್ನೆಲ್ಲ ಮುಚ್ಚಿ, ಬಚ್ಚಲುಮನೆಯ ಗಾಳಿಯನ್ನು ಹೊರಗೆಳೆಯುವ ಫ್ಯಾನನ್ನು ಹಾಕಿದಳು. ದೇವರ ಮನೆಯಿಂದ ಒಂದು ಊದುಬತ್ತಿ ಹಚ್ಚಿ ತಂದು ಗೋಡೆಯುದ್ದಕ್ಕೂ ಹಿಡಿಯುತ್ತ ಹೋದಳು. ನೆಟ್ಟಗೆ ಏರುತ್ತಿದ್ದ ಹೊಗೆಯ ಎಳೆ ಪ್ಲಗ್ ಪಾಯಿಂಟಿನ ಬಳಿ ಬಂದೊಡನೆ ಯಾರೋ ಊದಿದಂತೆ ನಮ್ಮ ಕಡೆಗೆ ಬಾಗಿತು.

"ತಾತ, ಗಾಳಿ ನುಗ್ಗೋ ಕಡೆ ಸದ್ದೂ ನುಗ್ಗತ್ತೆ" ಎಂದಳು.

ಗೋಡೆಯಲ್ಲಿ ಈ ತೂತು ಹುಟ್ಟಿದ್ದು ಹೇಗೆ ಎಂಬುದು ವಿಚಾರಮಾಡಬೇಕಾದ ಸಂಗತಿ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದು ೧೯೦೫ರಲ್ಲಿ. ಅನಂತರ ಬಹುಕಾಲ ನಮ್ಮ ಮನೆಗಳಲ್ಲಿ ತಂತಿಗಳು ಗೋಡೆಯ ಮೇಲೆಯೇ ಹರಿಯುತ್ತಿದ್ದವು. ತೇಗದ ಪಟ್ಟಿಯ ಮೇಲೆ ತಂತಿ, ಅದಕ್ಕೆ ಅಲ್ಲಲ್ಲಿ ತಗಡಿನ ಕ್ಲಿಪ್ಪು, ಕೊನೆಗೆ ಗೋಡೆಗೆ ಬಡಿದ ಮರದ ಬೋರ್ಡಿನ ಮೇಲೆ ಕರಿಯ ಸ್ವಿಚ್ಚುಗಳು. ನೋಡಲು ಅಷ್ಟೇನೂ ಅಂದವಿರಲಿಲ್ಲ. ಆದರೆ ಗೋಡೆಗೆ ಬಿದ್ದದ್ದು ಮೊಳೆಯ ಗಾಯ ಮಾತ್ರ. ಗೋಡೆಗಳೂ ಒಂಬತ್ತಂಗುಲದ ಇಟ್ಟಿಗೆಯವು. ಮುಂದೆ ನಮಗೆ ತಂತಿ ಕಾಣುವುದು ಬೇಡವಾಯಿತು. ಗೋಡೆಯನ್ನು ಕೊರೆದು ಪೈಪು ಹೂತು, ಹಳ್ಳ ತೋಡಿ ಪೆಟ್ಟಿಗೆ ಇಟ್ಟು, ಅದರ ಮೇಲೆ ಚೆಂದದ ಮುಚ್ಚಳ ಹಾಕುವ ರೂಢಿ ಬಂದಿತು. ಅದೇ ಕಾಲಕ್ಕೆ ಒಂಬತ್ತಂಗುಲದ ಗೋಡೆ ಅನೇಕ ಕಡೆ ಆರಕ್ಕೂ ನಾಲ್ಕಕ್ಕೂ ಇಳಿಯಿತು.

ಇನ್ನು ಲೆಕ್ಕ ಹಾಕಿರಿ. ನಾಲ್ಕಂಗುಲದ ಬ್ಲಾಕಿನ ಗೋಡೆ, ಎರಡು ಕಡೆಯೂ ಅರ್ಧರ್ಧ ಅಂಗುಲದ ಗಾರೆ, ಒಟ್ಟು ಐದಂಗುಲ. ಸ್ವಿಚ್ಚಿನ ಪೆಟ್ಟಿಗೆಯ ಆಳ ಸುಮಾರು ಎರಡಂಗುಲ. ಫ್ಲ್ಯಾಟುಗಳ ನಕ್ಷೆ ಬರೆಯುವವರು ಶ್ರಮವುಳಿಸಲು ಒಂದು ಮನೆಯನ್ನು ಬರೆದು ಅದನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿ ಪಕ್ಕದ ಮನೆಯನ್ನಾಗಿಸುತ್ತಾರೆ. ಹೀಗಾಗಿ ನಮ್ಮ ಮಂಚದ ಬೆನ್ನಿಗೆ ಅವರ ಮಂಚ, ನಮ್ಮ ಪ್ಲಗ್ ಪಾಯಿಂಟಿನ ಬೆನ್ನಿಗೆ ಅವರ ಪ್ಲಗ್ ಪಾಯಿಂಟು! ಆ ಕಡೆಯಿಂದ ಎರಡಂಗುಲ, ಈ ಕಡೆಯಿಂದ ಎರಡಂಗುಲ ತೋಡಿದ ಮೇಲೆ ನಡುವೆ ಉಳಿಯುವುದು ಒಂದಂಗುಲ. ಉಳಿ ಸುತ್ತಿಗೆಯ ಪೆಟ್ಟಿಗೆ ಆ ಒಂದಂಗುಲ ನಿಲ್ಲುತ್ತದೆಯೆ?

ಸಣ್ಣ ತೂತಿನಿಂದ ಅಷ್ಟೊಂದು ಸದ್ದು ಹೇಗೆ ಬಂದೀತೆಂದು ನಾನು ಮೊಮ್ಮಗಳನ್ನು ಕೇಳಿದೆ. ಅವಳು ಹಾಳೆಯೊಂದರ ಹಿಂಬದಿಯಲ್ಲಿ ಲೆಕ್ಕ ಮಾಡಿ ತೋರಿಸಿದಳು. ಸದ್ದನ್ನು ಅಳೆಯುವ ಮಾನ ಡೆಸಿಬೆಲ್. ಅದರಲ್ಲಿ ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು ಹೆಚ್ಚುತ್ತದೆ. ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು. ಎದುರುಬದುರು ಕುಳಿತವರ ಸಾಧಾರಣ ಮಾತು ಸುಮಾರು ೬೦ ಡೆಸಿಬೆಲ್. ಎರಡೂ ಕಡೆ ಗಾರೆ ಮಾಡಿದ ನಾಲ್ಕಂಗುಲದ ಗಟ್ಟಿ ಗೋಡೆ ಅದರಲ್ಲಿ ಸುಮಾರು ೪೫ನ್ನು ತಡೆದು ನಿಲ್ಲಿಸುತ್ತದೆ ಎಂದಿಟ್ಟುಕೊಳ್ಳಿ. ಉಳಿದ ೧೫ ರಾತ್ರಿಯ ನಿಶ್ಶಬ್ದದಲ್ಲಿಯೂ ಕಿವಿಗೆ ಸಿಕ್ಕದು. ಆದರೆ ಹತ್ತಡಿ ಉದ್ದ ಹತ್ತಡಿ ಎತ್ತರದ ಆ ಗೋಡೆಯ ವಿಸ್ತೀರ್ಣ ೧೪,೪೦೦ ಚದರ ಅಂಗುಲ. ಅದರಲ್ಲಿ ಮೂರಂಗುಲ ಅಗಲ, ನಾಲ್ಕಂಗುಲ ಉದ್ದದ ಒಂದು ತೂತು ಬಿದ್ದರೆ, ಸಾವಿರದಲ್ಲಿ ಒಂದು ಪಾಲು ಸಹ ಆಗದ ಆ ತೂತಿನಿಂದ, ಗೋಡೆಯ ಬಲ ೪೫ರಿಂದ ೩೧ಕ್ಕೆ ಇಳಿಯುತ್ತದೆ. ಆ ೧೪ ಡೆಸಿಬೆಲ್ಲಿನ ಅಂತರವೆಂದರೆ ಈಚೆಗೆ ಬರುವ ಸದ್ದಿನ ಶಕ್ತಿ ೨೫ ಪಟ್ಟು ಹೆಚ್ಚಾಯಿತೆಂದು ಅರ್ಥ. ತೂತಿನ ಪಕ್ಕದಲ್ಲೇ ದಿಂಬಿದ್ದರೆ ಹೇಳುವುದೇ ಬೇಡ. ಗೋಡೆಯನ್ನು ಎಷ್ಟೇ ದಪ್ಪಗೆ ಕಟ್ಟಿದರೂ ಈ ತೂತು ಇರುವ ತನಕ ಅದು ೩೧ನ್ನು ಮೀರುವುದಿಲ್ಲ. ಕೊಡದ ಗಟ್ಟಿತನ ಎಷ್ಟಿದ್ದರೇನು, ತಳದಲ್ಲಿ ತೂತಿದ್ದರೆ?

ಇನ್ನೂ ಒಂದು ಸೂಕ್ಷ್ಮವುಂಟು. ನಮ್ಮ ಮಾತಿನಲ್ಲಿ ಸ್ವರಗಳಿವೆ, ವ್ಯಂಜನಗಳಿವೆ. ದನಿಯ ಬಲವೆಲ್ಲ ಹೆಚ್ಚಾಗಿ ಸ್ವರಗಳದು. ಅರ್ಥವನ್ನು ಬಿಡಿಸಿ ಕೊಡುವುದು ವ್ಯಂಜನಗಳು. ಕ, ಚ, ತ, ಸ ಎಂಬ ಚುರುಕಾದ ಸದ್ದುಗಳು ಹೆಚ್ಚಿನ ಕಂಪನದವು. ಗಟ್ಟಿ ಗೋಡೆ ಇಂಥ ಚುರುಕು ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಮಂದ್ರದ ಸದ್ದನ್ನು ಮಾತ್ರ ಅಷ್ಟಾಗಿ ತಡೆಯಲಾರದು. ಆದುದರಿಂದ ಗಟ್ಟಿ ಗೋಡೆಯಾಚೆ ಯಾರಾದರೂ ಮಾತನಾಡಿದರೆ ನಮಗೆ ಬರುವುದು ಗುಂಯ್ಗುಡುವ ಸದ್ದೇ ಹೊರತು ಮಾತಲ್ಲ. ಸಂದುಗೊಂದುಗಳು ಹಾಗಲ್ಲ, ಅವು ವ್ಯಂಜನಗಳಿಗೂ ದಾರಿ ಬಿಡುತ್ತವೆ. ಅಂದರೆ ಪ್ಲಗ್ ಪಾಯಿಂಟಿನಿಂದ ಸೋರುವುದು ಗದ್ದಲವಲ್ಲ, ಅರ್ಥ. ಗದ್ದಲ ಸೋರಿದರೆ ನಿದ್ರೆ ಕೆಡುತ್ತದೆ. ಅರ್ಥ ಸೋರಿದರೆ ನೆರೆತನ ಕೆಡುತ್ತದೆ.

ಸದ್ದಿನ ವಿಚಾರ ಎತ್ತಿದರೆ ಸಲಹೆಗಳಿಗೆ ಬರವಿಲ್ಲ. ಗೋಡೆಗೆ ದಪ್ಪನೆಯ ಪರದೆ ಹಾಕಿರೆಂದರು ಒಬ್ಬರು. ಮೊಟ್ಟೆಯಿಡುವ ಕಾಗದದ ತಟ್ಟೆಗಳನ್ನು ಅಂಟಿಸಿರೆಂದರು ಇನ್ನೊಬ್ಬರು. ಇಂಥ ಮೆತ್ತನೆಯ ವಸ್ತುಗಳು ಕೋಣೆಯೊಳಗಿನ ಪ್ರತಿಧ್ವನಿಯನ್ನು ಒಂದಿಷ್ಟು ಹೀರಬಲ್ಲವು. ಗೋಡೆ ದಾಟುವ ಸದ್ದನ್ನು ತಡೆಯಲಾರವು. ಇವೆರಡೂ ಬೇರೆ ಬೇರೆ ಕೆಲಸ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಲೆಸ್ ಸ್ಯಾಬೀನ್ ಎಂಬ ಅಧ್ಯಾಪಕರು ೧೮೯೫ರಲ್ಲಿ ಒಂದು ಉಪನ್ಯಾಸ ಮಂದಿರದ ಪ್ರತಿಧ್ವನಿಯ ಕಾಟವನ್ನು ಪರೀಕ್ಷಿಸಲು ತೊಡಗಿದರು. ಹತ್ತಿರದ ನಾಟಕಶಾಲೆಯಿಂದ ಮೆತ್ತೆಗಳನ್ನು ತರಿಸಿ ಹಾಸುತ್ತ, ಸದ್ದು ಕೋಣೆಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆಂದು ಅವರು ರಾತ್ರಿಗಳೆಲ್ಲ ಅಳೆದರು. ಮೆತ್ತೆ ಹೆಚ್ಚಿದಂತೆ ಪ್ರತಿಧ್ವನಿ ಇಳಿಯಿತು. ಮಾತು ಒಳಗಿದ್ದವರಿಗೆ ಸ್ಪಷ್ಟವಾಯಿತು. ಹೊರಗಿನವರಿಗೆ ಕೇಳದಂತೆ ಮಾಡುವುದು ಮೆತ್ತೆಯ ಕೆಲಸವಲ್ಲ. ಅದಕ್ಕೆ ಭಾರವಾದ, ಗಾಳಿಯಾಡದ ತಡೆ ಬೇಕು.

ಆಮೇಲೆ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದೆವು. ಪರವಾನಗಿ ಪಡೆದ, ಕೆಲಸ ಬಲ್ಲ ಹುಡುಗ. ಮೊದಲು ಹೋಗಿ ಆ ಕೋಣೆಯ ಎಂ.ಸಿ.ಬಿ. ಆರಿಸಿದ, ಬಂದು ಟೆಸ್ಟರ್ ಇಟ್ಟು ನೋಡಿದ, ಆಮೇಲೆ ಮುಚ್ಚಳ ಬಿಚ್ಚಿದ. ಟಾರ್ಚಿನ ಬೆಳಕಿನಲ್ಲಿ ನೋಡಿದರೆ ತಗಡಿನ ಪೆಟ್ಟಿಗೆಯ ಸುತ್ತ ಬೆರಳು ತೂರುವಷ್ಟು ಸಂದು. ಗಾರೆಯವನು ಮುಖಕ್ಕೆ ಮಾತ್ರ ಸಿಮೆಂಟು ಸವರಿ ಒಳಗನ್ನು ಹಾಗೆಯೇ ಬಿಟ್ಟಿದ್ದ. ಪೆಟ್ಟಿಗೆಯ ಬೆನ್ನಿನಲ್ಲಿ ಪೈಪಿಗೆಂದು ಮಾಡಿದ ದುಂಡನೆಯ ತೂತುಗಳು. ಪೈಪು ಬಾರದ ಎರಡು ತೂತುಗಳು ಕಪ್ಪಗೆ ಬಾಯಿ ತೆರೆದಿದ್ದವು. "ಒಂದು ಕಡ್ಡಿ ಹಾಕಿ ಆಳ ನೋಡೋಣವೆ?" ಎಂದೆ. ಹುಡುಗ ನನ್ನ ಕೈ ತಡೆದ. "ಬೇಡಿ ಸಾರ್. ನಮ್ಮ ಕಡೆ ಕರೆಂಟ್ ಆರಿಸಿದೀವಿ. ಆ ಕಡೆ ಮನೇದು ಆರಿಸಿಲ್ಲ. ಹಿಂದೆ ಅವರ ವೈರಿದ್ದರೆ?" ಎಂದ. ಪೆಟ್ಟಿಗೆಯೊಳಗೆ ಹತ್ತಿ, ಬಟ್ಟೆ, ಥರ್ಮಾಕೋಲು ತುರುಕಿಬಿಟ್ಟರೆ ಸುಲಭವಲ್ಲವೆ ಎಂದು ನನ್ನಾಕೆ ಕೇಳಿದಳು. ಅದಕ್ಕೂ ಅವನು ಒಪ್ಪಲಿಲ್ಲ. ತಂತಿಯ ಸಂದಿ ಸಡಿಲವಾದರೆ ಬಿಸಿಯಾಗುತ್ತದೆ. ಗೀಸರಿನಂತಹ ಹೆಚ್ಚು ವಿದ್ಯುತ್ತಿನ ಪಾಯಿಂಟುಗಳಲ್ಲಿ ಇನ್ನೂ ಹೆಚ್ಚು. ಬೆಂಕಿ ಹಿಡಿಯುವ ವಸ್ತುವನ್ನು ಅದರ ಪಕ್ಕದಲ್ಲಿ ತುಂಬಿಡುವುದು ಸದ್ದನ್ನು ತಡೆಯಲು ಹೋಗಿ ಅಗ್ನಿಯನ್ನು ಆಹ್ವಾನಿಸಿದಂತೆ. ಪೆಟ್ಟಿಗೆಯ ಹೊರಗನ್ನು ಮುಚ್ಚಬೇಕು. ಒಳಗೆ ತಂತಿಗಳಿಗೆ ಜಾಗವಿರಬೇಕು.

ಅವನ ಕೊನೆಯ ಮಾತು ಮುಖ್ಯವಾದದ್ದು. "ಸಾರ್, ನಿಮ್ಮ ಕಡೆ ಮಾತ್ರ ಮುಚ್ಚಿದರೆ ಅರ್ಧ ಕೆಲಸ. ಎರಡೂ ಪೆಟ್ಟಿಗೆ ತೆಗೆದು ನಡುವೆ ಇರೋ ತೂತು ಗಾರೆಯಿಂದ ತುಂಬಬೇಕು. ಪಕ್ಕದ ಮನೆಯವರಿಗೆ ಹೇಳಿ."

ಹೇಳುವುದು ಹೇಗೆ? ನಿಮ್ಮ ಮಾತು ನಮಗೆ ಕೇಳಿಸುತ್ತಿದೆ ಎಂದರೆ, ಏನೇನು ಕೇಳಿಸಿತೆಂದು ಅವರು ಆ ಕ್ಷಣದಲ್ಲಿಯೇ ನೆನೆದುಕೊಳ್ಳುತ್ತಾರೆ. ನನಗೆ ದಾರಿ ತೋರಲಿಲ್ಲ. ನನ್ನಾಕೆ ಮಾತ್ರ ಸಂಜೆ ನಾಲ್ಕು ಕೋಡುಬಳೆ ಡಬ್ಬಿಯಲ್ಲಿ ಹಾಕಿಕೊಂಡು ಪಕ್ಕದ ಮನೆಗೆ ಹೋದಳು. ಬಾಗಿಲು ತೆರೆದೇ ಇದ್ದುದರಿಂದ ಅವಳ ಮಾತು ನನಗೆ ಕೇಳಿಸಿತು. ಬಾಗಿಲಿನಿಂದ ಬಂದದ್ದು, ಗೋಡೆಯಿಂದಲ್ಲ.

"ಅಕ್ಕಾ, ನಮ್ಮವರು ರಾತ್ರಿ ಜೋರಾಗಿ ಗೊರಕೆ ಹೊಡೀತಾರೆ, ಮೊಮ್ಮಗಳು ಹೊತ್ತಿಲ್ಲದ ಹೊತ್ತಿನಲ್ಲಿ ಬಾಯಿಪಾಠ ಮಾಡ್ತಾಳೆ. ನಿಮಗೆ ತೊಂದರೆಯಾಗತ್ತೋ ಏನೋ ಅಂತ ನಮಗೆ ಸಂಕೋಚ. ಪ್ಲಗ್ ಪಾಯಿಂಟಿನ ಹಿಂದೆ ತೂತಿದೆಯಂತೆ. ಮುಚ್ಚಿಸೋಣ ಅಂತಿದೀವಿ. ನಿಮ್ಮ ಕಡೇನೂ ಒಂದಿಷ್ಟು ಬಿಚ್ಚಬೇಕಂತೆ. ಖರ್ಚೆಲ್ಲ ನಮ್ಮದೇ."

ಆ ತಾಯಿ ಒಂದು ಗಳಿಗೆ ಸುಮ್ಮನಿದ್ದರು. "ನಿಮ್ಮ ಮನೆಯದೇನೂ ನಮಗೆ ಕೇಳಿಸೋದೇ ಇಲ್ಲಮ್ಮ. ಆದರೂ ಮುಚ್ಚಿಸೋದು ಒಳ್ಳೇದೇ. ಖರ್ಚು ಅರ್ಧ ನಮಗಿರಲಿ" ಎಂದರು. ನನ್ನಾಕೆ ಏಳುವಾಗ ಮೆಲ್ಲಗೆ ಸೇರಿಸಿದರು: "ಮಗೂಗೆ ಹೇಳು, ಗಣಿತದಲ್ಲಿ ನಾಲ್ಕು ಅಂಕ ಹೋಯಿತು ಅಂತ ಅಷ್ಟೊಂದು ಅಳಬಾರದು."

ಮೊಮ್ಮಗಳ ಆ ಅಳು ನಡೆದದ್ದು ರಾತ್ರಿ ಹತ್ತೂವರೆಗೆ, ನಮ್ಮ ಮಂಚದ ಮೇಲೆ. ಹೊರಗಿನವರಾರಿಗೂ ಹೇಳಿದ್ದಿಲ್ಲ.

ಒಂದು ಭಾನುವಾರ ಬೆಳಗ್ಗೆ ಕೆಲಸ ನಡೆಯಿತು. ಎರಡು ಮನೆಯಲ್ಲೂ ಮೇನ್ ಸ್ವಿಚ್ ಆರಿಸಿ, ಎರಡು ಪೆಟ್ಟಿಗೆಗಳನ್ನೂ ಹೊರತೆಗೆದರು. ನಡುವೆ ಸಿಮೆಂಟು ಚೀಲದ ತುಂಡುಗಳೂ ಇಟ್ಟಿಗೆಯ ಪುಡಿಯೂ ಸಿಕ್ಕಿದವು. ಅವನ್ನು ತೆಗೆದೊಡನೆ ಅಂಗೈಯಗಲದ ಕಿಂಡಿ ಕಾಣಿಸಿತು; ಅದರಾಚೆ ಆ ತಾಯಿಯ ಕನ್ನಡಕ. ಮೊಮ್ಮಗಳು ಈ ಕಡೆಯಿಂದ ಕೈಯಾಡಿಸಿದಳು. ಅವರೂ ಬೆರಳಾಡಿಸಿದರು. ಮೂರು ವರ್ಷ ಎರಡು ಸಂಸಾರಗಳ ಗುಟ್ಟನ್ನು ಕಾಯುತ್ತಿದ್ದದ್ದು ಒಂದು ಹರಕು ಚೀಲ!

ಮಾಡಿದ್ದಿಷ್ಟು. ನಮ್ಮ ಕಡೆಯ ಪಾಯಿಂಟನ್ನು ಎರಡಡಿ ಆಚೆಗೆ ಸರಿಸಿದೆವು. ಪೆಟ್ಟಿಗೆಗಳು ಬೆನ್ನಿಗೆ ಬೆನ್ನು ಹಚ್ಚಿ ಕೂರದಂತೆ ಮಾಡುವುದೇ ಎಲ್ಲಕ್ಕಿಂತ ದೊಡ್ಡ ಉಪಾಯ. ಹಳೆಯ ಕಿಂಡಿಯನ್ನು ಇಟ್ಟಿಗೆಯ ಚೂರು ಮತ್ತು ಗಾರೆಯಿಂದ ಗಿಡಿದು ತುಂಬಿ, ಒಂದು ವಾರ ನೀರು ಚಿಮುಕಿಸಿದೆವು. ಹೊಸ ಪೆಟ್ಟಿಗೆಗಳನ್ನು ಬೆನ್ನಿಗೂ ಬದಿಗೂ ಗಾರೆ ಮೆತ್ತಿ ಕೂರಿಸಿದರು. ಪೈಪು ಬಾರದ ತೂತುಗಳನ್ನು ಮುಚ್ಚಿಸಿ, ಪೈಪಿನ ಬಾಯಿಗೆ ಬೆಂಕಿ ಹಿಡಿಯದ, ಬೇಕಾದಾಗ ಬಿಡಿಸಬಹುದಾದ ಮೆತ್ತನೆಯ ಮೇಣದಂಥ ಪುಟ್ಟಿಯನ್ನು ಒತ್ತಿದರು. ಪೆಟ್ಟಿಗೆಯಂಚಿಗೂ ಗೋಡೆಗೂ ನಡುವಿನ ಕೂದಲೆಳೆಯ ಸಂದಿಗೆ ಗಟ್ಟಿಯಾಗಿ ಬಿರುಕು ಬಿಡದ ಸೀಲೆಂಟ್ ಹಚ್ಚಿದರು. ಮುಚ್ಚಳದ ಹಿಂದೆ ತೆಳ್ಳನೆಯ ಫೋಮಿನ ಚೌಕಟ್ಟು. ಕೆಲವರು ಈ ಫೋಮಿನ ಚೌಕಟ್ಟೊಂದನ್ನೇ ಕೊಂಡು ತಂದು ಕೂರಿಸುತ್ತಾರೆ. ಮಿಕ್ಕದ್ದು ಆಗದೆ ಇದೊಂದರಿಂದ ದೊರೆಯುವ ಪ್ರಯೋಜನ ಸ್ವಲ್ಪವೇ. ಎರಡು ಮನೆಗೂ ಸೇರಿ ಆದ ಖರ್ಚು ಒಂದು ಒಳ್ಳೆಯ ರೇಷ್ಮೆಸೀರೆಯ ಬೆಲೆಗೆ ಬಹು ಕೆಳಗೇ ನಿಂತಿತು.

ಫಲವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತೇನೆ. ಅವರ ಮಿಕ್ಸಿ ಈಗಲೂ ಕೇಳುತ್ತದೆ. ಮೇಲಿನ ಮನೆಯವರು ಕುರ್ಚಿ ಎಳೆದರೆ ಈಗಲೂ ತಿಳಿಯುತ್ತದೆ. ಇವು ಗಾಳಿಯಲ್ಲಿ ಬರುವ ಸದ್ದಲ್ಲ. ಕಟ್ಟಡದ ಮೈಯನ್ನೇ ನಡುಗಿಸಿ ಬರುವ ಸದ್ದು. ಪ್ಲಗ್ ಪಾಯಿಂಟನ್ನು ಎಷ್ಟು ಬಿಗಿದರೂ ಅವಕ್ಕೆ ಅಡ್ಡಿಯಿಲ್ಲ. ಅಕ್ಕಪಕ್ಕದ ಕಿಟಕಿಗಳೆರಡೂ ತೆರೆದಿದ್ದರೆ ಅಲ್ಲಿಂದಲೂ ದನಿ ಸುತ್ತಿಬರುತ್ತದೆ. ಗೋಡೆಯ ನೆತ್ತಿಗೂ ತೊಲೆಗೂ ನಡುವೆ ಬಿರುಕಿದ್ದರೆ ಅದನ್ನೂ ಮುಚ್ಚಿಸಬೇಕು. ಆದರೆ ರಾತ್ರಿಯ ಮಾತು ಮಾತಾಗಿ ಬರುವುದು ನಿಂತಿತು. ಆಚೆ ಯಾರೋ ಇದ್ದಾರೆಂಬ ಮೆಲುಸದ್ದು ಒಮ್ಮೊಮ್ಮೆ ಬರುತ್ತದೆ. ಅದರಿಂದ ಧೈರ್ಯವೇ ಹೊರತು ಸಂಕೋಚವಿಲ್ಲ.

ಹೊಸದಾಗಿ ಮನೆ ಕಟ್ಟಿಸುವವರೂ ಫ್ಲ್ಯಾಟು ಕೊಳ್ಳುವವರೂ ಗೋಡೆ ಗಾರೆಯಾಗುವ ಮುಂಚೆಯೇ ಇದನ್ನು ಕೇಳಿ ತಿಳಿಯುವುದು ಮೇಲು. ಇದೇನೂ ಹೊಸ ವಿದ್ಯೆಯಲ್ಲ. ಮನೆಗಳಿಗೆ ಸದ್ದಿನ ತಡೆ ಹೇಗಿರಬೇಕೆಂದು ನಮ್ಮ ದೇಶದ ಮಾನಕ ಸಂಸ್ಥೆ ೧೯೬೨ರಲ್ಲಿಯೇ ಒಂದು ಸಂಹಿತೆಯನ್ನು ಹೊರತಂದಿತು. ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿಯೂ ಸದ್ದಿಗಾಗಿಯೇ ಒಂದು ಪ್ರತ್ಯೇಕ ವಿಭಾಗವಿದೆ. ಅಮೆರಿಕದಲ್ಲಿ ಮರದ ಚೌಕಟ್ಟಿಗೆ ತೆಳುಹಲಗೆ ಬಡಿದ ಗೋಡೆಗಳೇ ಹೆಚ್ಚು. ಅಲ್ಲಿ ಬೆಂಕಿ ತಡೆಯಬೇಕಾದ ಗೋಡೆಯ ಎರಡು ಬದಿಯ ಪೆಟ್ಟಿಗೆಗಳು ಒಂದರಿಂದೊಂದು ೨೪ ಅಂಗುಲ ದೂರವಿರಬೇಕು, ಇಲ್ಲವೇ ಪುಟ್ಟಿಯ ಹೊದಿಕೆಯಂಥ ಬೇರೊಂದು ರಕ್ಷಣೆ ಅವಕ್ಕಿರಬೇಕು ಎಂಬ ನಿಯಮವುಂಟು. ಸದ್ದು ನುಗ್ಗುವ ದಾರಿಯಲ್ಲಿ ಹೊಗೆಯೂ ಜಿರಲೆಯೂ ನುಗ್ಗುತ್ತವೆ. ಇನ್ನು ನಮ್ಮಲ್ಲಿ ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದ ಸದ್ದು ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮೀರಬಾರದೆನ್ನುತ್ತವೆ. ಅದು ಗದ್ದಲದ ಮಿತಿ. ಗಂಡಹೆಂಡಿರ ಪಿಸುಮಾತು ಎಂದೂ ಆ ಮಿತಿಯನ್ನು ಮೀರದು. ಅದನ್ನು ಕಾಪಾಡುವ ಹೊಣೆಯನ್ನು ಗೋಡೆಯೂ ಗೋಡೆಯ ಎರಡು ಕಡೆಯವರೂ ಹೊರಬೇಕು.

ಕೆಲಸ ಮುಗಿದು ಹತ್ತು ಹನ್ನೆರಡು ದಿನಗಳಾಗಿರಬಹುದು. ಒಂದು ಮಧ್ಯಾಹ್ನ ಆ ತಾಯಿ ಕೋಡುಬಳೆಯ ಡಬ್ಬಿಯನ್ನು ಹಿಂದಿರುಗಿಸಲು ಬಂದರು. ಬರಿಯ ಡಬ್ಬಿ ಕೊಡಬಾರದೆಂದು ಅದರಲ್ಲಿ ಸಕ್ಕರೆ ತುಂಬಿ ತಂದಿದ್ದರು. ಕೊಟ್ಟವರು ಹೋಗಲಿಲ್ಲ, ಊಟದ ಮೇಜಿನ ಬಳಿ ಕುಳಿತುಕೊಂಡರು. "ನಿನಗೊಂದು ವಿಷಯ ಹೇಳಬೇಕಮ್ಮ. ರಾಯರಿಗೆ ಮೈ ಸರಿಯಿಲ್ಲ. ಮುಂದಿನ ಮಂಗಳವಾರ ಆಪರೇಷನ್ ಅಂದಿದ್ದಾರೆ. ಮಗನಿಗೂ ನಿನ್ನೆ ಹೇಳಿದೆವು, ಬರ್ತಾನಂತೆ, ಆದರೆ ಬರೋಕೆ ಎರಡು ವಾರ ಆಗತ್ತೆ" ಎಂದು ಮೊದಲಿನಿಂದ ಎಲ್ಲವನ್ನೂ ಹೇಳಿದರು. ನನ್ನಾಕೆ ಮೊದಲಿನಿಂದ ಎಲ್ಲವನ್ನೂ ಕೇಳಿದಳು. ನಮಗೆ ಗೊತ್ತಿತ್ತೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಆ ಪ್ರಶ್ನೆ ಯಾರ ಬಾಯಿಂದಲೂ ಬರಲಿಲ್ಲ. ಆ ಮಾತನ್ನು ಹೇಳುವುದೂ ಬಿಡುವುದೂ ಈಗ ಅವರ ಕೈಯಲ್ಲಿತ್ತು. ಅವರಾಗಿಯೇ ಬಂದು ಹೇಳಿದ್ದರು.

ಮಂಗಳವಾರ ಬೆಳಗ್ಗೆ ಆರು ಗಂಟೆಗೆ ನನ್ನಾಕೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಅವರೊಡನೆ ಆಸ್ಪತ್ರೆಗೆ ಹೊರಟಳು. ರಾಯರ ಚೀಲ ಹಿಡಿದುಕೊಂಡು ನಾನು ಹಿಂದೆ ಹೋದೆ. ರಾಯರು ಈಗ ಚೇತರಿಸಿಕೊಂಡಿದ್ದಾರೆ. ದೂರದೇಶದಲ್ಲಿ ಮೊಮ್ಮಗ ಹುಟ್ಟಿದ ಸುದ್ದಿಯನ್ನು ಅವರು ಬಾಗಿಲು ಬಡಿದು, ಇಡೀ ಮಹಡಿಗೆ ಕೇಳುವಂತೆ ಕೂಗಿ ಹೇಳಿದರು.